ಬಿಳಿ ಕಾಗದದ ಕೆಳಗಿನ ಹೆಸರು

ಹೋದ ತಿಂಗಳು ಲಂಡನ್ನಿನ ಕೆಂಟನ್ ಬಡಾವಣೆಯ ಆ ಹಳೆಯ ಹಾಲ್‌ಗೆ ಒಂದು ಕೂಸಿಗೆ ಹೆಸರಿಡುವ ಕಾರ್ಯಕ್ರಮಕ್ಕೆ ಹೋಗಿದ್ದೆ. ವಿಜಯಪುರದ ಕಡೆಯ ಮಂದಿ, ನಮಗೆ ದೂರದ ಬಳಗ. ಅತ್ತೆಯಾದವಳು ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಿದ್ದಳು, ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಿದ್ದರು. ಅದಾದ ಮೇಲೆ ಬಾಣಂತಿ ಕೂಸಿನ ಬಟ್ಟೆ ಬದಲಿಸಲು ಕೂತು ಪೌಡರ್ ಡಬ್ಬಿಯನ್ನು ಎರಡು ಸಲ ಅಲ್ಲಾಡಿಸಿದಳು. ಸ್ವಲ್ಪ ಪೌಡರು ಮರದ ನೆಲದ ಮೇಲೆ ಬಿತ್ತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಕೈಯಲ್ಲಿದ್ದ ಗುಗ್ಗರಿಯ ತಟ್ಟೆ ಕೆಳಗಿಟ್ಟು ಹೊರಗೆ ಬಂದು ಕಾರ್ ಪಾರ್ಕಿನಲ್ಲಿ ನಿಂತೆ. ಏನಾಯಿತು ಅಂತ ಯಾರೋ ಕೇಳಿದರು. ಒಳಗೆ ಸೆಕೆ ಅಂದೆ. ನವೆಂಬರ್ ತಿಂಗಳಲ್ಲಿ ಲಂಡನ್ನಿನಲ್ಲಿ ಸೆಕೆ!

ಆ ಹಾಲ್‌ನ ಕೀಲಿಕೈ ಎಂಟು ವರ್ಷ ನನ್ನ ಹತ್ತಿರ ಇತ್ತು. ಬುಕಿಂಗ್ ಬರೆದುಕೊಳ್ಳುವುದು, ಬಾಗಿಲು ತೆಗೆಯುವುದು, ಅಡುಗೆಮನೆಯ ಕಿಂಡಿಯಿಂದ ಚಹಾ ಕೊಡುವುದು, ಎಲ್ಲರೂ ಹೋದ ಮೇಲೆ ನೆಲ ಒರೆಸುವುದು, ಇಷ್ಟು ನನ್ನ ಕೆಲಸ. ಟ್ಯೂಬ್ ರೈಲಿನಲ್ಲಿ ಸಿಗ್ನಲ್ ಕೆಲಸ ಮಾಡುತ್ತಿದ್ದ ನಮ್ಮವರು ನಾನು ಮನೆಗೆ ಬಂದ ಕೂಡಲೇ "ಕೀಲಿಕೈ ಬಾಯಾರು ಬಂದ್ರು, ಎಲ್ಲಾರೂ ಎದ್ದ ನಿಂದರ್ರಿ" ಅನ್ನುತ್ತಿದ್ದರು. ಮನೆಯಲ್ಲಿ ಇದ್ದದ್ದು ಅವರೊಬ್ಬರೇ.

ತಿಂಗಳಿಗೊಂದು ಭಾನುವಾರ, ಮಧ್ಯಾಹ್ನ ಎರಡರಿಂದ ಏಳರವರೆಗೆ, ಹಾಲ್ ಟೆರಿಯ ಮಂದಿಯದು. ಟೆರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಐವತ್ತರ ಹತ್ತಿರದವನು, ಒಂಟಿ, ಉಗುರಿನ ಸಂದಿನಲ್ಲಿ ಯಾವಾಗಲೂ ಗ್ರೀಸು. ಮೊದಲ ದಿನ ನಾಲ್ಕು ಪೆಟ್ಟಿಗೆ ಗ್ರಾಮಫೋನ್ ಪ್ಲೇಟುಗಳನ್ನು ಹೊತ್ತು ಬಂದು, ಜೇಬಿನಿಂದ ಟಾಲ್ಕಂ ಪೌಡರ್ ಡಬ್ಬಿ ತೆಗೆದು, ನಾನು ಬೆಳಿಗ್ಗೆಯಷ್ಟೇ ಉಜ್ಜಿದ್ದ ನೆಲದ ಮೇಲೆ ಕೇರಂ ಬೋರ್ಡಿಗೆ ಹಾಕಿದ ಹಾಗೆ ಉದುರಿಸಿದ. ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಅವರ ಕುಣಿತ ನೋಡಿದೆ. ತಲೆ ಬೋಳಾದವರು, ಹೊಟ್ಟೆ ಬಂದವರು, ಮೊಮ್ಮಕ್ಕಳಿರುವ ಹೆಂಗಸರು. ಒಬ್ಬರ ಕೈ ಒಬ್ಬರು ಹಿಡಿಯುವುದಿಲ್ಲ. ತಮ್ಮಷ್ಟಕ್ಕೆ ತಾವು ಗಿರಗಿರ ತಿರುಗಿ, ಜಾರಿ, ನೆಲಕ್ಕೆ ಕೂತು, ಮತ್ತೆ ಪುಟಿದೇಳುತ್ತಿದ್ದರು. ಆ ಜಾರಾಟಕ್ಕೆ ಪೌಡರು ಬೇಕು. ಅವತ್ತು ಸಂಜೆ ನಾನು ತಿಳಿಯದೆ ಒದ್ದೆ ಬಟ್ಟೆ ಹಾಕಿ ಒರೆಸಿ ಇಡೀ ನೆಲವನ್ನು ಗಂಜಿ ಮಾಡಿಕೊಂಡೆ. ಮರುವಾರ ಅದೇ ನೆಲದ ಮೇಲೆ ನಮ್ಮ ಕನ್ನಡದವರ ಕಾರ್ಯಕ್ರಮ. ದೀಪ ಹಚ್ಚಲು ಗತ್ತಿನಿಂದ ನಡೆದು ಬಂದ ಅಧ್ಯಕ್ಷರು ಎಲ್ಲರೆದುರು ಜಾರಿ ಕೂತರು. ಅಂದಿನಿಂದ ಮೊದಲು ಒಣ ಪೊರಕೆ, ಆಮೇಲೆ ನೀರು ಅನ್ನುವುದನ್ನು ಕಲಿತೆ.

ಅವರು ಕುಣಿಯುತ್ತಿದ್ದ ಹಾಡುಗಳ ಕಥೆ ಟೆರಿ ಹೇಳಿದ. ಅವನ ಇಂಗ್ಲಿಷನ್ನು ನನ್ನ ಮಾತಿಗೆ ತಂದು ಹೇಳುತ್ತೇನೆ. ಅರವತ್ತರ ದಶಕದಲ್ಲಿ ಅಮೆರಿಕದ ಊರೂರುಗಳಲ್ಲಿ ಕರಿಯ ಗಾಯಕರು ಸೋಲ್ ಸಂಗೀತ ಅನ್ನುವುದನ್ನು ಹಾಡಿ ಸಣ್ಣ ಸಣ್ಣ ಪ್ಲೇಟು ಮಾಡಿಸುತ್ತಿದ್ದರಂತೆ. ನೂರರಲ್ಲಿ ತೊಂಬತ್ತು ಮಾರಾಟವಾಗಲಿಲ್ಲ. ಹಾಡಿದವರು ಕಾರ್ಖಾನೆಗೋ ಅಡುಗೆ ಕೆಲಸಕ್ಕೋ ಹೋದರು. ಪ್ಲೇಟುಗಳು ಗೋದಾಮಿನಲ್ಲಿ ಧೂಳು ತಿಂದವು. ಆ ಧೂಳಿನಿಂದ ಅವನ್ನು ಹೆಕ್ಕಿ ತಂದು ಇಂಗ್ಲೆಂಡಿನ ಉತ್ತರದ ಗಿರಣಿ ಊರುಗಳ ಹುಡುಗರು ಕುಣಿದರು. ಆ ಹುಡುಗರೇ ಈಗ ಈ ಬೋಳುತಲೆಯವರು. ಯಾರಿಗೂ ಗೊತ್ತಿಲ್ಲದ ಪ್ಲೇಟು ಇದ್ದವನಿಗೆ ಅವರಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ.

"ಅಲ್ಲಿ ಯಾರೂ ಕೇಳದ್ದನ್ನ ಇಲ್ಲಿ ಎದಿಗೆ ಅಪ್ಕೊಂಡ ಕುಣೀತಾರಂತ. ಹುಚ್ಚ ಮಂದಿ" ಅಂದರು ನಮ್ಮವರು. ನಾನು ನಗಲಿಲ್ಲ. ನನಗೆ ಶಾಂತಕ್ಕ ನೆನಪಾಗಿದ್ದಳು.

ಶಾಂತಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಧಾರವಾಡದಲ್ಲಿ ನಮ್ಮ ಓಣಿಯಲ್ಲಿ ಅವಳಷ್ಟು ಛಲೋ ಹಾಡುವವರು ಇರಲಿಲ್ಲ. ಒಂದೇ ಒಂದು ಸಲ ರೇಡಿಯೋದಲ್ಲಿ ಅವಳಿಗೆ ಹದಿನೈದು ನಿಮಿಷ ಸಿಕ್ಕಿತು. ಅಪ್ಪ ಓಣಿಯವರನ್ನೆಲ್ಲ ಕರೆದು ಜಮಖಾನೆ ಹಾಸಿ ಕೂಡಿಸಿದ. ಅವ್ವ ಅವಲಕ್ಕಿ ಹಚ್ಚಿದಳು. ರೇಡಿಯೋದಾಕೆ "ಈಗ ಭಾವಗೀತೆಗಳು, ಹಾಡುವವರು" ಅನ್ನುತ್ತಿದ್ದಂತೆ ಕರೆಂಟು ಹೋಯಿತು. ಬಂದಾಗ ಕೃಷಿ ವಾರ್ತೆ ನಡೆದಿತ್ತು. ಸಂಜೆ ಅಕ್ಕ ಓಡುತ್ತ ಮನೆಗೆ ಬಂದು "ಹೆಂಗ ಕೇಳಿಸ್ತು?" ಅಂದಳು. ಎಲ್ಲರೂ "ಭಾಳ ಛಲೋ" ಅಂದರು. ನಾನೊಬ್ಬಳೇ ಮೂರ್ಖಿ, "ಕರೆಂಟ್ ಹೋಗಿತ್ತಕ್ಕಾ" ಅಂದುಬಿಟ್ಟೆ. ಅವಳು ಸೀರೆ ಬದಲಿಸಲು ಒಳಗೆ ಹೋದಳು. ಮುಂದೆ ಗಂಡನ ಮನೆಯಲ್ಲಿ ಯಾವಾಗಾದರೂ "ನಾನೂ ರೇಡಿಯೋದಾಗ ಹಾಡೀನಿ" ಅಂದರೆ ನಾದಿನಿಯರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರಂತೆ. ನಾನು ಲಂಡನ್ನಿಗೆ ಬಂದ ಹತ್ತನೆಯ ವರ್ಷ ಅವಳು ತೀರಿಕೊಂಡಳು. ಹಾಡಿನ ಒಂದು ತುಣುಕೂ ಎಲ್ಲಿಯೂ ಉಳಿದಿಲ್ಲ.

ಈಗ ತೊಂಬತ್ತೇಳರ ನವೆಂಬರಿಗೆ ಬರುತ್ತೇನೆ. ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳು. ರಾಜ್ಯೋತ್ಸವದ ಬ್ಯಾನರ್ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಹಾಲ್‌ನ ಅಡುಗೆಮನೆಯಲ್ಲಿ ಬಣ್ಣ, ಬ್ರಷ್ಷು, ಮೈದಾ ಕುದಿಸಿ ಮಾಡಿದ ಅಂಟು ಹರಡಿಕೊಂಡು ಕೂತಿದ್ದೆ. ಅಪ್ಪ ಶಾಲೆ ಮಾಸ್ತರ. ಪ್ರತಿ ವರ್ಷ ಜೂನ್ ತಿಂಗಳು ನಮ್ಮ ಪುಸ್ತಕಗಳಿಗೆಲ್ಲ ಆ ಅಂಟಿನಿಂದಲೇ ರಟ್ಟು ಹಾಕುತ್ತಿದ್ದ. ಒಮ್ಮೆ ಹಿಡಿದರೆ ಬಿಡುವ ಮಾತೇ ಇಲ್ಲ. ಟೆರಿ ಬೇಗ ಬಂದವನು ಬಾಗಿಲಲ್ಲಿ ನಿಂತು ನನ್ನ ಅಕ್ಷರಗಳನ್ನೇ ನೋಡಿದ.

"ಮಿಸೆಸ್ ಪಾಟೀಲ್, ಈ ಗುಂಡಗುಂಡನೆಯ ಅಕ್ಷರ ಲಂಡನ್ನಿನಲ್ಲಿ ಎಷ್ಟು ಜನ ಓದ್ತಾರೆ?"

"ನಿಮ್ಮ ಭಾನುವಾರ ಈ ಹಾಲ್‌ಗೆ ಬರೋರಲ್ಲಿ ನಾನೊಬ್ಬಳೇ" ಅಂದೆ.

ಅವನ ಮುಖ ಅರಳಿತು. ಒಂದು ಪ್ಲೇಟು ತೆಗೆದು ಟೇಬಲ್ಲಿನ ಮೇಲಿಟ್ಟ. ನಡುವೆ ನೀಲಿ ಕಾಗದದ ಮೇಲೆ ಬೆಳ್ಳಿ ಬಣ್ಣದ ಅಕ್ಷರ: ಒಡೆಸಾ ಟಾಲಿವರ್, ಡೆಟ್ರಾಯ್ಟ್. ಅಮೆರಿಕದಲ್ಲಿ ಒಂದು ಮುಚ್ಚಿದ ಅಂಗಡಿಯ ನೆಲಮಾಳಿಗೆಯಲ್ಲಿ ಸಿಕ್ಕಿದ್ದಂತೆ. ಜಗತ್ತಿನಲ್ಲಿ ಇದೊಂದೇ ಉಳಿದಿರಬೇಕು ಅಂದ. ಹಾಕಿ ಕೇಳಿಸಿದ. ಮೂರು ನಿಮಿಷವೂ ಇಲ್ಲ. ಹೆಣ್ಣು ದನಿ, ಮೇಲಕ್ಕೆ ಹೋಗುವಾಗ ಸ್ವಲ್ಪ ಒಡೆಯುತ್ತದೆ, ಒಡೆದಲ್ಲಿಂದಲೇ ಮತ್ತೆ ಎದ್ದು ನಿಲ್ಲುತ್ತದೆ. ಹಾಡಿನ ಮಾತು ಅರ್ಧ ತಿಳಿಯಲಿಲ್ಲ. ಆದರೂ ಕೈಯಲ್ಲಿನ ಬ್ರಷ್ಷು ನಿಂತಿತು.

ಇಂಥ ಪ್ಲೇಟು ಸಿಕ್ಕರೆ ಅವರಲ್ಲೊಂದು ಪದ್ಧತಿ. ಹಾಡಿದವರ ಹೆಸರು ಬೇರೆಯವರಿಗೆ ತಿಳಿಯಬಾರದೆಂದು ಅದರ ಮೇಲೆ ಬಿಳಿ ಕಾಗದ ಮುಚ್ಚಿ ಸುಳ್ಳು ಹೆಸರು ಬರೆಯುತ್ತಾರೆ. ಕವರ್ ಅಪ್ ಅನ್ನುತ್ತಾರೆ. ಹೆಸರು ಗೊತ್ತಾದರೆ ಉಳಿದವರೂ ಹುಡುಕಲು ಹೊರಡುತ್ತಾರಲ್ಲ! ವರ್ಷವೋ ಎರಡು ವರ್ಷವೋ ಆದ ಮೇಲೆ ಒಂದು ದೊಡ್ಡ ದಿನ ಎಲ್ಲರೆದುರು ಕಾಗದ ಕಿತ್ತು ನಿಜವಾದ ಹೆಸರು ಹೇಳುವುದು. ಅದು ಅವರ ಹಬ್ಬ. ಟೆರಿಗೆ ಡೆನಿಸ್ ಅನ್ನುವ ಒಬ್ಬ ಪ್ರತಿಸ್ಪರ್ಧಿ ಇದ್ದ, ಕೆಂಪು ಮೋರೆಯವನು, ಪ್ಲೇಟು ತಿರುಗುವಾಗ ಟಾರ್ಚು ಬಿಟ್ಟು ಬಗ್ಗಿ ನೋಡುವವನು. "ನಾನು ಇಂಗ್ಲಿಷಿನಲ್ಲಿ ಏನು ಬರೆದರೂ ಅವನು ಪತ್ತೆ ಮಾಡ್ತಾನೆ. ನೀವು ನಿಮ್ಮ ಅಕ್ಷರದಲ್ಲಿ ಏನಾದರೂ ಬರೀರಿ. ಮೂಲ ಹೆಸರು ಮಾತ್ರ ಯಾರಿಗೂ ಹೇಳಬಾರದು, ಆಯ್ತಾ?" ಅಂದ ಟೆರಿ. ಆಯ್ತು ಎಂದು ಮಾತು ಕೊಟ್ಟೆ.

ಬ್ರಷ್ಷು ಅದ್ದಿ, ಅವನು ಕೊಟ್ಟ ಬಿಳಿ ಕಾಗದದ ಮೇಲೆ ಯೋಚಿಸದೆ ಬರೆದೆ: ಶಾಂತಾ.

ಅವನು ವ್ಯಾನಿನಿಂದ ಉಳಿದ ಪೆಟ್ಟಿಗೆ ತರಲು ಹೋದ. ಹೋಗುವ ಮೊದಲು ಕಾಗದವನ್ನು ಪ್ಲೇಟಿನ ಮೇಲಿಟ್ಟು ಅಂಚಿಗೆ ಎರಡು ತುಣುಕು ಟೇಪು ಹಾಕಿಟ್ಟಿದ್ದ, ಅದು ಏಳುತ್ತಿತ್ತು. ಇಷ್ಟು ದೊಡ್ಡ ಮನುಷ್ಯನಿಗೆ ಒಂದು ಕಾಗದ ಅಂಟಿಸಲು ಬರುವುದಿಲ್ಲವಲ್ಲ ಅಂದುಕೊಂಡು ನಾನು ಟೇಪು ಕಿತ್ತು, ಮೈದಾ ಅಂಟನ್ನು ಪೂರಾ ಸವರಿ, ಅಪ್ಪ ಕಲಿಸಿದಂತೆ ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಒಂದು ಗುಳ್ಳೆ ಇರಲಿಲ್ಲ. "ಎಷ್ಟು ನೀಟಾಗಿದೆ!" ಅಂದ ಟೆರಿ ಬಂದು. ಪೂರಾ ಅಂಟಿಸಿದ್ದೇನೆಂದು ಅವನಿಗೆ ಗೊತ್ತಾಗಲಿಲ್ಲ. ಹಾಗೆ ಅಂಟಿಸಬಾರದೆಂದು ನನಗೆ ಗೊತ್ತಿರಲಿಲ್ಲ.

ಆ ಚಳಿಗಾಲ ನನ್ನ ಜೀವನದ ಅತ್ಯಂತ ಸಂತೋಷದ ಚಳಿಗಾಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಟೆರಿ ಮೈಕಿನಲ್ಲಿ "ಈಗ ಶಾಂತಾ" ಅನ್ನುತ್ತಿದ್ದ. ನೂರು ಜನ ಕುರ್ಚಿ ಬಿಟ್ಟು ಓಡಿ ಬರುತ್ತಿದ್ದರು. ಚಹಾ ತೆಗೆದುಕೊಳ್ಳಲು ಬಂದವರು "ಇವತ್ತು ಶಾಂತಾ ಹಾಕಿದ್ರಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಡೆನಿಸ್ ಆ ಅಕ್ಷರಗಳನ್ನು ಸಿಗರೇಟ್ ಪ್ಯಾಕಿನ ಮೇಲೆ ನಕಲು ಮಾಡಿಕೊಂಡು, ನಮ್ಮ ದೇಶದವರ ಅಂಗಡಿಗಳಿರುವ ಸೌತ್‌ಹಾಲ್‌ಗೆ ಹೋಗಿ ಅಂಗಡಿ ಅಂಗಡಿ ತಿರುಗಿದನಂತೆ. ಪಂಜಾಬಿ ಅಲ್ಲ, ಗುಜರಾತಿ ಅಲ್ಲ, ಜಿಲೇಬಿಯ ಚಿತ್ರ ಇರಬೇಕು ಅಂದನಂತೆ ಒಬ್ಬ ಮಿಠಾಯಿಯವನು. ಕಿಂಡಿಯ ಹಿಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಿಟಕಿಯಾಚೆ ಮಂಜು, ಒಳಗೆ ಪೌಡರಿನ ವಾಸನೆ, ಬೆವರು, ಆ ದನಿ, ಮತ್ತು ನನ್ನ ಅಕ್ಕನ ಹೆಸರು. ಧಾರವಾಡದಲ್ಲಿ ಹೋಗಿದ್ದ ಕರೆಂಟು ಇಲ್ಲಿ ಬಂತು ಅನ್ನಿಸುತ್ತಿತ್ತು ನನಗೆ.

ಒಡೆಸಾ ಟಾಲಿವರ್ ಅನ್ನುವವಳೂ ಯಾರದೋ ಅಕ್ಕ, ಯಾರದೋ ತಾಯಿ ಇರಬಹುದೆಂದು ಎಂಟು ತಿಂಗಳಲ್ಲಿ ಒಂದು ದಿನ ಹೊಳೆಯಲಿಲ್ಲ.

ಜುಲೈ ತಿಂಗಳ ಭಾನುವಾರ. ಬಿಸಿಲು ಅಂದರೆ ಬಿಸಿಲು. ಹಾಲ್‌ನ ಕಿಟಕಿಗಳು ಬಣ್ಣ ಹಿಡಿದು ತೆರೆಯುವ ಹಾಗಿರಲಿಲ್ಲ, ಬಾಗಿಲಿಗೆ ಬಕೆಟ್ ಒತ್ತಿಟ್ಟು ಗಾಳಿ ಬಿಟ್ಟಿದ್ದೆ. ನಾಲ್ಕು ಗಂಟೆಯ ಸುಮಾರಿಗೆ ಒಬ್ಬ ಕರಿಯ ಹೆಣ್ಣುಮಗಳು ಒಳಗೆ ಬಂದಳು. ಮೂವತ್ತು ಮೂವತ್ತೈದರವಳು, ಚರ್ಚಿಗೆ ಹಾಕುವಂಥ ಬಿಳಿ ಡ್ರೆಸ್ಸು, ತಲೆಗೆ ಟೋಪಿ. ಬಾಗಿಲಲ್ಲೇ ನಿಂತು, ಕುಣಿಯುವ ಆ ಬಿಳಿ ಮುದುಕರನ್ನು ನೋಡಿ ಬಾಯಿ ತೆರೆದು ನಿಂತಳು. ಆಮೇಲೆ ನೇರವಾಗಿ ವೇದಿಕೆಗೆ ಹೋಗಿ ಟೆರಿಯನ್ನು ಏನೋ ಕೇಳಿದಳು. ಅವನ ಸುತ್ತ ಡೆನಿಸ್ ಮತ್ತು ಇನ್ನೂ ನಾಲ್ಕು ಜನ. ಟೆರಿ ತಲೆ ಅಲ್ಲಾಡಿಸಿದ. ಅವಳು ಮತ್ತೆ ಕೇಳಿದಳು. ಮತ್ತೆ ಅಲ್ಲಾಡಿಸಿದ. ಅವಳು ಈಚೆ ತಿರುಗಿದ್ದೇ ಅವನು ಪೆಟ್ಟಿಗೆಯಿಂದ ಒಂದು ಪ್ಲೇಟು ತೆಗೆದು ಅಂಗಿಯ ಒಳಗೆ ಇಟ್ಟುಕೊಂಡ. ಬಿಳಿ ಕಾಗದ ಅಂಟಿಸಿದ ಪ್ಲೇಟು.

ಅವಳು ಕಿಂಡಿಗೆ ಬಂದು ನೀರು ಕೇಳಿದಳು. ನಾನು ಚಹಾ ಕೊಟ್ಟೆ.

"ನನ್ನ ಹೆಸರು ಡೊರೀನ್. ಡೆಟ್ರಾಯ್ಟ್‌ನಿಂದ ನಮ್ಮ ಚರ್ಚಿನವರ ಜೊತೆ ಹಾಡೋಕೆ ಬಂದಿದ್ದೀನಿ. ನಾಳೆ ವಾಪಸ್" ಅಂದಳು. "ಇಲ್ಲಿ ಇಂಗ್ಲಿಷ್ ಜನ ನಮ್ಮೂರಿನ ಹಳೇ ಹಾಡಿಗೆ ಕುಣೀತಾರೆ ಅಂತ ಯಾರೋ ಹೇಳಿದ್ರು, ಓಡಿ ಬಂದೆ. ನನ್ನ ತಾಯಿ ಒಂದು ಪ್ಲೇಟು ಮಾಡಿದ್ದಳು. ನಾನಾಗ ಕೈಗೂಸು. ಮನೇಲಿ ಒಂದೂ ಉಳಿದಿಲ್ಲ. ಊರಲ್ಲಿ ಯಾರೂ ನಂಬಲ್ಲ, ಮೇಡಂ. ನಮ್ಮಪ್ಪನೇ ನಗ್ತಿದ್ದ. ಈಗ ಅವಳಿಗೆ ಕಿಡ್ನಿ ಹೋಗಿದೆ, ನರ್ಸಿಂಗ್ ಹೋಮಿನಲ್ಲಿದ್ದಾಳೆ. ಅಲ್ಲಿಯ ಹುಡುಗೀರಿಗೂ ಹೇಳ್ತಾಳೆ, ನನ್ನ ಹೆಸರು ಬೆಳ್ಳಿ ಅಕ್ಷರದಲ್ಲಿ ಅಚ್ಚಾಗಿತ್ತು ಅಂತ. ಅವರು ಹೂಂ ಹೂಂ ಅಂತಾರೆ, ಹುಚ್ಚಿಗೆ ಅಂದ ಹಾಗೆ. ಬೇರೇನೂ ಬೇಡ ನನಗೆ. ಯಾರಾದರೂ ಒಬ್ಬರು, ಹೌದು ಇದೆ, ನಾನು ನೋಡಿದ್ದೀನಿ ಅಂದರೆ ಸಾಕು."

ಆಮೇಲೆ ಕಣ್ಣು ಮುಚ್ಚಿ ಎರಡು ಸಾಲು ಗುನುಗಿದಳು. ಅದೇ. ಒಡೆಯುವ ಜಾಗದಲ್ಲಿ ಅವಳ ದನಿಯೂ ಒಡೆಯಿತು.

"ನೀವೇನಾದರೂ ಕೇಳಿದ್ದೀರಾ?"

ನಾನು ಜರಡಿಯನ್ನು ಕಪ್ಪಿನ ಮೇಲೆ ಹಿಡಿದು ನಿಂತಿದ್ದೆ. ಹಾಲ್‌ನಾಚೆಯಿಂದ ಟೆರಿ ನನ್ನನ್ನೇ ನೋಡುತ್ತಿದ್ದ. ಮಾತು ಕೊಟ್ಟಿದ್ದೆ, ನಿಜ. ಆದರೆ ಮಾತಿನ ನೆವ ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದದ್ದು ಬೇರೆ. ಇವಳಿಗೆ ಹೌದು ಅಂದರೆ ಬಿಳಿ ಕಾಗದ ಹೋಗುತ್ತದೆ. ನಾಳೆಯಿಂದ ಮೈಕಿನಲ್ಲಿ ಶಾಂತಾ ಅನ್ನುವವರು ಇರುವುದಿಲ್ಲ.

"ಇಲ್ಲ ತಾಯಿ, ನನಗೇನೂ ಗೊತ್ತಿಲ್ಲ. ನಾನು ಚಹಾ ಮಾಡೋಳು" ಅಂದೆ.

ಅವಳು ತಲೆಯಾಡಿಸಿದಳು. ಬುಕಿಂಗ್ ಪುಸ್ತಕದಿಂದ ಒಂದು ಹಾಳೆ ಕೇಳಿ ವಿಳಾಸ ಬರೆದು ಕೊಟ್ಟಳು, ಎಂದಾದರೂ ಯಾರಾದರೂ ಏನಾದರೂ ಹೇಳಿದರೆ ಅಂತ. ಚಹಾ ಚೆನ್ನಾಗಿದೆ ಅಂದಳು. ಬಿಸಿಲಿಗೆ ಹೋದಳು. ಆ ಮಧ್ಯಾಹ್ನ ಶಾಂತಾ ಹಾಕಲಿಲ್ಲ. ಜನ ಕೇಳಿದರು, ಟೆರಿ ಪ್ಲೇಟಿಗೆ ಗೀರು ಬಿದ್ದಿದೆ ಅಂದ.

ಎಲ್ಲರೂ ಹೋದ ಮೇಲೆ ನಾನು ಒಣ ಪೊರಕೆ ಹಿಡಿದು ಅವನ ಎದುರು ನಿಂತೆ. "ಅವಳ ತಾಯಿ ಸಾಯ್ತಿದ್ದಾಳೆ, ಟೆರಿ."

"ಗೊತ್ತು" ಅಂದ. "ಡೆನಿಸ್ ಅಲ್ಲೇ ನಿಂತಿದ್ದ, ನಾನೇನು ಹೇಳಲಿ? ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಕೂಟ ಇದೆ. ಅವತ್ತು ಎಲ್ಲರೆದುರು ಕಾಗದ ಕಿತ್ತು ಹೆಸರು ಹೇಳ್ತೀನಿ. ಬರೀ ಪತ್ರ ಅಲ್ಲ, ಆ ಚಪ್ಪಾಳೆಯನ್ನೇ ಟೇಪು ಮಾಡಿ ಕಳಿಸ್ತೀನಿ. ಏಳು ವಾರ. ಏಳು ವಾರದಲ್ಲಿ ಏನಾಗುತ್ತೆ?"

ನಾನೂ ಅದನ್ನೇ ಕೇಳಿಕೊಂಡು ಸಮಾಧಾನ ಮಾಡಿಕೊಂಡೆ. ನಮ್ಮ ಮನೆಯ ಬಾಗಿಲಿಂದ ಅಂಚೆ ಡಬ್ಬಿ ನಲವತ್ತು ಹೆಜ್ಜೆ. ವಿದೇಶಕ್ಕೆ ಹಾಕುವ ಒಂದು ನೀಲಿ ಏರೋಗ್ರಾಮ್ ಪತ್ರ ತಂದು ಅವಳ ವಿಳಾಸವನ್ನೂ ಬರೆದೆ. ಒಳಗೆ ಬರೆಯಬೇಕಾದ್ದು ಒಂದೇ ಸಾಲು: ಪ್ಲೇಟು ಇದೆ, ನಾನು ನೋಡಿದ್ದೇನೆ. ಅದನ್ನು ಬರೆಯದೆ ಪರ್ಸಿನಲ್ಲಿ ಇಟ್ಟುಕೊಂಡು ಜುಲೈ ಕಳೆದೆ, ಆಗಸ್ಟ್ ಕಳೆದೆ. ನಮ್ಮವರು ಒಂದು ದಿನ ಚಿಲ್ಲರೆಗೆಂದು ಪರ್ಸು ತೆಗೆದು ಅದನ್ನು ನೋಡಿದರು. ಎಲ್ಲ ಹೇಳಿದೆ.

"ಇವತ್ತ ಹಾಕಿ ಬಾ" ಅಂದರು. ಅವರು ತಮಾಷೆ ಮಾಡದೆ ಮಾತಾಡುವುದು ಅಪರೂಪ. "ಶಾಂತಕ್ಕ ಇದ್ದಿದ್ರ ಏನಂತಿದ್ಲು, ಹೇಳು."

"ಆಕೀ ಹೆಸರ ನಿಮ್ಮ ಬಾಯಾಗ ಬ್ಯಾಡ" ಎಂದು ಹರಿಹಾಯ್ದೆ. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಪತ್ರ ಹಾಕಲಿಲ್ಲ.

ಸೆಪ್ಟೆಂಬರ್‌ನ ಕೂಟಕ್ಕೆ ಹಾಲ್ ತುಂಬಿ ಕಾರ್ ಪಾರ್ಕಿನವರೆಗೆ ಜನ. ಉತ್ತರದ ಊರುಗಳಿಂದ ಬಸ್ ಮಾಡಿಕೊಂಡು ಬಂದಿದ್ದರು. ಮೂರು ಗಂಟೆಗೆ ಟೆರಿ ಶಾಂತಾ ಹಾಕಿ, ಕುಣಿತ ಮುಗಿದ ಮೇಲೆ ಪ್ಲೇಟು ಕೈಯಲ್ಲಿ ಎತ್ತಿ ಹಿಡಿದ. ಟೇಪ್ ರೆಕಾರ್ಡರ್ ಓಡುತ್ತಿತ್ತು. "ಇವತ್ತು ಕಾಗದ ತೆಗೀತೀನಿ" ಅಂದ. ಡೆನಿಸ್ ಟಾರ್ಚು ಹಿಡಿದು ಮುಂದೆ ನುಗ್ಗಿದ. ಟೆರಿ ಉಗುರಿನಿಂದ ಅಂಚು ಎಬ್ಬಿಸಿ ಎಳೆದ. ಕಾಗದ ಬಂತು. ಅದರ ಹಿಂದೆಯೇ ನೀಲಿ ಕಾಗದವೂ, ಬೆಳ್ಳಿ ಅಕ್ಷರವೂ, ಎಲ್ಲ ಚರ್ಮ ಸುಲಿದಂತೆ ಎದ್ದು ಬಂತು. ಪ್ಲೇಟಿನ ಮೇಲೆ ಒಂದಿಷ್ಟು ಬೂದು ನಾರು ಉಳಿಯಿತು, ಅಷ್ಟೇ.

ಟೆರಿ ಅದನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ನನ್ನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಹೋಯಿತು. ಎಷ್ಟು ಚೆನ್ನಾಗಿ ಒತ್ತಿ ಕೂರಿಸಿದ್ದೆ ನಾನು!

ಅವನು ಮೈಕು ಹಿಡಿದ. "ಇದನ್ನು ಹಾಡಿದವರು ಒಡೆಸಾ ಟಾಲಿವರ್, ಡೆಟ್ರಾಯ್ಟ್."

"ತೋರಿಸು!" ಎಂದು ಕೂಗಿದ ಡೆನಿಸ್. "ಎಲ್ಲಿದೆ ಹೆಸರು? ಏನಾದರೂ ಹೇಳ್ಬಹುದು ನೀನು!"

ಜನ ಗುಜುಗುಜು ಅಂದರು. ಹೆಸರು ಎರಡು ಕಾಗದಗಳ ನಡುವೆ ಅಂಟಿ ಸಿಕ್ಕಿಕೊಂಡಿತ್ತು, ಟೆರಿಯ ಹತ್ತಿರ ತೋರಿಸಲು ಏನೂ ಇರಲಿಲ್ಲ. ಆಗ ನಾನು ಕಿಂಡಿಯಿಂದ ಕೂಗಿದೆ. ಅಷ್ಟು ಜನರ ಮುಂದೆ ಅದುವರೆಗೆ ನಾನು ಬಾಯಿ ತೆರೆದವಳಲ್ಲ. "ನಾನು ಓದಿದ್ದೀನಿ. ನನ್ನ ಕಣ್ಣಿಂದ ನೋಡಿದ್ದೀನಿ. ನೀಲಿ ಮೇಲೆ ಬೆಳ್ಳಿ ಅಕ್ಷರ. ಒಡೆಸಾ ಟಾಲಿವರ್. ಅದನ್ನ ಮುಚ್ಚಿದ್ದು ನಾನು."

ಮೊದಲು ಚಪ್ಪಾಳೆ ತಟ್ಟಿದವನು ಡೆನಿಸ್. ಆಮೇಲೆ ಇಡೀ ಹಾಲ್. ಟೆರಿ ಮತ್ತೊಮ್ಮೆ ಪ್ಲೇಟು ಹಾಕಿದ. ಮುನ್ನೂರು ಪಾದಗಳು ಪೌಡರಿನ ಮೇಲೆ ಸರಸರ ಜಾರುವ ಸದ್ದು, ನಡುವೆ ಆ ದನಿ. ಎಲ್ಲವೂ ಟೇಪಿನಲ್ಲಿ ಬಂತು. ಮರುದಿನ ಟೆರಿ ಕ್ಯಾಸೆಟ್ಟಿನ ಜೊತೆ ಆ ಪ್ಲೇಟನ್ನೇ ಹತ್ತಿಯಲ್ಲಿ ಸುತ್ತಿ ಪಾರ್ಸಲ್ ಮಾಡಿದ. ಜಗತ್ತಿನಲ್ಲಿ ಒಂದೇ ಇರುವ ಪ್ಲೇಟು. ವಿಳಾಸ ನಾನೇ ಬರೆದೆ, ಹಿಂದೆ ಹಾಲ್‌ನ ವಿಳಾಸದ ಜೊತೆ ನನ್ನ ಹೆಸರನ್ನೂ. ಕಿತ್ತು ಬಂದ ಕಾಗದ ಮಾತ್ರ ನನ್ನ ಹತ್ತಿರ ಉಳಿಯಿತು.

ಅಕ್ಟೋಬರಿನಲ್ಲಿ ಉತ್ತರ ಬಂತು, ಹಾಲ್‌ನ ವಿಳಾಸಕ್ಕೆ, ನನ್ನ ಹೆಸರಿಗೆ. ನಿಂತಲ್ಲೇ ಓದಿದೆ. ತಾಯಿ ಆಗಸ್ಟ್ ತಿಂಗಳ ಮೂರನೆಯ ವಾರ ಹೋಗಿಬಿಟ್ಟಳಂತೆ. ಕೊನೆಯ ದಿನಗಳಲ್ಲಿ ಪ್ಲೇಟಿನ ಮಾತನ್ನೇ ಬಿಟ್ಟುಬಿಟ್ಟಿದ್ದಳಂತೆ. ಒಂದು ದಿನ ಮಗಳಿಗೆ, "ನಾನೇ ಕನಸು ಕಂಡಿರಬೇಕು, ಬಿಡು" ಅಂದಳಂತೆ. ಕ್ಯಾಸೆಟ್ಟನ್ನು ಚರ್ಚಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದೆ, ಕಾಲಿನ ಸದ್ದು ಕೇಳಿ ಹಿರಿಯರು ಅತ್ತರು ಎಂದು ಬರೆದಿದ್ದಳು. ಕಡೆಗೆ ಹೀಗಿತ್ತು: "ಅಂದು ನಿಮಗೆ ಗೊತ್ತಿಲ್ಲ ಅಂದಿರಿ. ಆದರೂ ನನ್ನ ಮಾತು ಮರೆಯದೆ, ಆಮೇಲೆ ಹುಡುಕಿ ಪತ್ತೆ ಮಾಡಿ, ಎಲ್ಲರೆದುರು ನನ್ನ ತಾಯಿಯ ಪರವಾಗಿ ಕೂಗಿ ಹೇಳಿದಿರಿ. ಟೇಪಿನಲ್ಲಿ ನಿಮ್ಮ ದನಿ ಕೇಳಿದೆ. ನಿಮ್ಮ ಉಪಕಾರ ನಾನು ಸಾಯುವವರೆಗೆ ಮರೆಯುವುದಿಲ್ಲ."

"ಅದನ್ನ ಮುಚ್ಚಿದ್ದು ನಾನು" ಎಂದದ್ದೂ ಟೇಪಿನಲ್ಲಿ ಇತ್ತು. ಚಪ್ಪಾಳೆಯ ಗದ್ದಲದಲ್ಲಿ ಅವಳಿಗೆ ಅದು ತಿಳಿಯಲಿಲ್ಲವೋ, ತಿಳಿದರೂ ಅರ್ಥವಾಗಲಿಲ್ಲವೋ.

ಟೆರಿಗೆ ಪತ್ರ ತೋರಿಸಿದೆ. ಓದಿ, ಮಡಿಚಿ ಕೊಟ್ಟು, ವ್ಯಾನಿನಲ್ಲಿ ಕೂತು ಅತ್ತ. ಮುಂದೆ ಅವನು ಯಾವ ಪ್ಲೇಟಿನ ಮೇಲೂ ಕಾಗದ ಮುಚ್ಚಲಿಲ್ಲ. ಎರಡು ವರ್ಷಕ್ಕೆ ಹಾಲ್‌ನ ಕೂಟವೂ ನಿಂತಿತು. ಈಗ ಅವನಿಲ್ಲ. ಅವನ ಅಂತ್ಯಕ್ರಿಯೆಗೆ ಬಂದಿದ್ದ ಡೆನಿಸ್, ಎಲ್ಲರೂ ಹೋದ ಮೇಲೆ ಜೇಬಿನಿಂದ ಸ್ವಲ್ಪ ಪೌಡರು ತೆಗೆದು ಮಣ್ಣಿನ ಮೇಲೆ ಉದುರಿಸಿದ. ನಮ್ಮವರೂ ಹೋಗಿ ಮೂರು ವರ್ಷವಾಯಿತು. ಪತ್ರ ಹಾಕು ಎಂದವರು ಅವರೊಬ್ಬರೇ.

ಡೊರೀನ್ ಮಾತ್ರ ಪ್ರತಿ ಡಿಸೆಂಬರ್ ಕಾರ್ಡು ಕಳಿಸುತ್ತಾಳೆ. ಹತ್ತು ವರ್ಷ, ಹತ್ತು ಕಾರ್ಡು. ಎಲ್ಲದರ ಮೇಲೂ ಒಂದೇ ಒಕ್ಕಣೆ, ನನ್ನ ತಾಯಿಯನ್ನು ಹುಡುಕಿಕೊಟ್ಟ ಅಮ್ಮನಿಗೆ ಎಂದು. ನಾನು ಪ್ರತಿ ಸಲ ಶುಭಾಶಯ ಬರೆದು ಕಳಿಸಿದೆ. ಕೈ ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ, ನಿಜ ಬರೆಯಲು ನನ್ನ ಕೈಯೇ ಏಳಲಿಲ್ಲ. ಒಂದು ಸುಳ್ಳಿಗೆ ಹತ್ತು ವರ್ಷ ಕೃತಜ್ಞತೆ ತೆಗೆದುಕೊಂಡು ಕೂತಿದ್ದೇನೆ.

ಅವತ್ತು ಹೆಸರಿಡುವ ಕಾರ್ಯಕ್ರಮದಿಂದ ಮನೆಗೆ ಬಂದು ಕಪಾಟಿನಿಂದ ಆ ಕಾಗದ ತೆಗೆದೆ. ಈಗ ಹಳದಿಯಾಗಿದೆ. ಮೇಲೆ ನನ್ನ ಅಕ್ಷರ, ಶಾಂತಾ. ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಹಿಂದೆ ಇನ್ನೊಂದು ಹೆಸರು ಮಸುಕಾಗಿ ಕಾಣುತ್ತದೆ, ಅಚ್ಚಾದದ್ದು. ಡೊರೀನಳ ತಾಯಿ ನೋಡಬೇಕೆಂದಿದ್ದು ಇದನ್ನೇ. ಶಾಂತಕ್ಕನ ಹೆಸರನ್ನು ಬೇರೆಯವರು ಕರೆದರು ಅನ್ನುವುದಕ್ಕೆ ಈ ಲೋಕದಲ್ಲಿ ಇರುವ ಗುರುತೂ ಇದೊಂದೇ. ಅದಕ್ಕೇ ಇಷ್ಟು ವರ್ಷ ಬಿಟ್ಟುಕೊಡಲಿಲ್ಲ.

ಕೂತು ಪತ್ರ ಬರೆದೆ. ಪ್ರೀತಿಯ ಡೊರೀನ್, ಅಂದು ನೀನು ಕೇಳಿದಾಗ ನನಗೆ ಗೊತ್ತಿತ್ತು. ಅಲ್ಲಿಂದ ಮುಂದೆ ಕೈ ತಾನಾಗಿ ಓಡಿತು, ಶಾಂತಕ್ಕನ ಕರೆಂಟು ಹೋದ ಕಥೆಯವರೆಗೂ ಬರೆದೆ. ಕಾಗದವನ್ನು ಮಡಿಚದೆ ಎರಡು ರಟ್ಟಿನ ನಡುವೆ ಇಟ್ಟು ಲಕೋಟೆಗೆ ಹಾಕಿದೆ. ಬೆಳಕಿಗೆ ಹಿಡಿದು ನೋಡು ಎಂದು ಬರೆದೆ. ಲಕೋಟೆಯ ಬಾಯನ್ನು ಅಂಟಿಸಲಿಲ್ಲ, ಎರಡು ತುಣುಕು ಟೇಪು ಹಾಕಿದೆ. ಆಮೇಲೆ ಚಪ್ಪಲಿ ಮೆಟ್ಟಿ, ಅಂಚೆ ಡಬ್ಬಿಯವರೆಗೆ ನಲವತ್ತು ಹೆಜ್ಜೆ ನಡೆದೆ.